ಒತ್ತೊತ್ತಾದ ನಕ್ಷತ್ರಗಳು

ಸಂದರ್ಶನ ಹನ್ನೊಂದು ಗಂಟೆಗೆ ಎಂದು ನಿಶ್ಮಿತಾ ಚಿಕ್ಕಮ್ಮನಿಗೆ ಹೇಳಿ ವಾರವಾಗಿತ್ತು. ಅದು ಊರಿನ ಹನ್ನೊಂದು, ಮಸ್ಕತ್ತಿನ ಒಂಬತ್ತೂವರೆ ಎಂದು ಹೊಳೆದದ್ದು ಮರುದಿನ. ಅಷ್ಟರಲ್ಲಿ ಚಿಕ್ಕಮ್ಮ ಹರಿಣಾಕ್ಷಿ, ಶುಕ್ರವಾರ ಹನ್ನೊಂದರಿಂದ ಹನ್ನೆರಡರವರೆಗೆ ಹಾಲಿಗೆ ಯಾರೂ ಕಾಲಿಡಬಾರದೆಂದು ಮನೆಗೆಲ್ಲ ಸಾರಿಬಿಟ್ಟಿದ್ದರು. ಇನ್ನು ತಿದ್ದುವುದು ಹೇಗೆ? ‘ಒಂದೂವರೆ ಗಂಟೆಯ ತಪ್ಪು ಹೇಳಲು ನನಗೆ ಆರು ದಿನ ಸಾಲಲಿಲ್ಲ’ ಎಂದು ಗುರುವಾರ ಡೈರಿಯಲ್ಲಿ ಬರೆದಳು. ಡೈರಿಯೂ ಯಾರಿಗೂ ಹೇಳಲಿಲ್ಲ.

ಹೀಗಾಗಿ ಶುಕ್ರವಾರ ಒಂಬತ್ತೂವರೆಗೆ ಮಸ್ಕತ್ತಿನ ಅಲ್ ಮಬೇಲಾದಲ್ಲಿದ್ದ ಚಿಕ್ಕಮ್ಮನ ಒಂದು ಕೋಣೆ, ಒಂದು ಹಾಲಿನ ಫ್ಲ್ಯಾಟು ತುಂಬಿ ತುಳುಕುತ್ತಿತ್ತು. ಚಿಕ್ಕಪ್ಪ ಕೊರಗಪ್ಪ ರಜೆಯ ದಿನದ, ವಾರದ ಒಂದೇ ಆರಾಮದ ತಿಂಡಿಗೆ ಲುಂಗಿ ಉಟ್ಟು ಕೂತಿದ್ದರು. ಮಕ್ಕಳಿಬ್ಬರು ಟಿವಿಯಲ್ಲಿ ಜೋರಾಗಿ ಕಾರ್ಟೂನು ಹಾಕಿ ಕೂತಿದ್ದರು. ನಿಶ್ಮಿತಾಳ ಇಯರ್‌ಫೋನು ಅವರ ಬಳಿಯೇ ಇತ್ತು. ಕೇಳಲು ಸಂಕೋಚವಾಗಿ ಅವಳು ಚಪ್ಪಲಿ ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸ್ಪೀಕರಿನಲ್ಲೇ ಪುಣೆಯ ಶಹನಾಝ್ ಮೇಡಂಗೆ ನಮಸ್ಕಾರ ಹೇಳಿದಳು. ಅಲ್ಲಿ ಖಗೋಳ ಸಂಶೋಧನೆಗೆ ಒಂದೇ ಸೀಟು ಇತ್ತು. ಆರಿಸುವವರು ಈ ಮೇಡಂ.

ದಟ್ಟವಾದ ನಕ್ಷತ್ರಗುಚ್ಛದಲ್ಲಿ ಗ್ರಹಗಳ ಗತಿ ಏನು ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ನಿಶ್ಮಿತಾ ಬಾಯಿ ತೆರೆಯುವಾಗಲೇ ಕ್ಯಾಮೆರಾದ ಮುಂದೆ ಚಿಕ್ಕಮ್ಮ ನೀರುದೋಸೆಯ ತಟ್ಟೆ ಹಿಡಿದು ಹಾದರು. ಒಂದು ವಾಕ್ಯ ಹೋಯಿತು. ಬಂಗುಡೆ ಗಸಿಯ ಪಾತ್ರೆಯೊಂದಿಗೆ ವಾಪಸು ಬಂದರು. ಎರಡನೆಯದೂ ಹೋಯಿತು.

“ಯಾರೊಟ್ಟಿಗೆ ಮಾತಾಡುದು ಮಗಾ? ಇಂಟರ್‌ವ್ಯೂ ಹನ್ನೊಂದಕ್ಕಲ್ವಾ?”

“ಇದೇ ಚಿಕ್ಕಮ್ಮ. ಊರ ಟೈಮು ಹನ್ನೊಂದು.”

“ಅಯ್ಯೋ ಮಾರಾಯ್ತಿ, ಬಾಯಲ್ಲಿ ಎಂತ ಇಟ್ಕೊಂಡಿದ್ದೆ?” ಹರಿಣಾಕ್ಷಿ ಸೆರಗಿನಲ್ಲಿ ಕೈ ಒರೆಸಿ ಪರದೆಯೊಳಗೆ ಇಣುಕಿದರು. “ನಮಸ್ಕಾರ ಮೇಡಂ. ಇವಳು ಮಾತಾಡುದು ಕಮ್ಮಿ. ತಲೆ ಒಳ್ಳೆದುಂಟು.”

ಮೇಡಂ ನಕ್ಕರು. “ನಾನು ಭಟ್ಕಳದವಳು ಅಕ್ಕಾ. ನಿಶ್ಮಿತಾ, ಕನ್ನಡದಲ್ಲೇ ಹೇಳಿ. ಇವರಿಗೆ ಅರ್ಥವಾಗುವ ಹಾಗೆ.”

ನಿಶ್ಮಿತಾ ಮೇಡಂನ ಮುಖ ಬಿಟ್ಟು ಚಿಕ್ಕಮ್ಮನನ್ನೇ ನೋಡಿಕೊಂಡು ಶುರುಮಾಡಿದಳು. ನಕ್ಷತ್ರಗಳು ಒಂಟಿಯಾಗಿ ಹುಟ್ಟುವುದು ಕಡಿಮೆ, ಗುಂಪಿನಲ್ಲೇ ಹೆಚ್ಚು. ತೀರಾ ಒತ್ತೊತ್ತಾದ ಗುಂಪಿನಲ್ಲಿ ಒಂದು ಇನ್ನೊಂದರ ಸಮೀಪ ಹಾದುಹೋಗುತ್ತದೆ; ಹಾದುಹೋಗುವಾಗ ಅದರ ಗ್ರಹಗಳನ್ನು ಎಳೆಯುತ್ತದೆ. ನಕ್ಷತ್ರಕ್ಕೆ ಅಂಟಿಕೊಂಡಂತಿರುವ ಗ್ರಹಕ್ಕೆ ಅಷ್ಟು ಭಯವಿಲ್ಲ. ದೂರದಲ್ಲಿ ಸುತ್ತುವುದು ಮೊದಲು ಕಳಚಿಕೊಳ್ಳುತ್ತದೆ.

“ಹಾದುಹೋಗುವ ನಕ್ಷತ್ರಕ್ಕೆ ಅದು ಗೊತ್ತಾಗುದಾ?”

“ಇಲ್ಲ ಚಿಕ್ಕಮ್ಮ. ಅದು ಅದರ ಪಾಡಿಗೆ ಹೋಗ್ತಾ ಇರ್ತದೆ.”

“ನಾನು ದೋಸೆ ತಕೊಂಡು ಹೋದ ಹಾಗೆ.”

ಮಕ್ಕಳು ಕಾರ್ಟೂನು ಬಿಟ್ಟು ಇತ್ತ ತಿರುಗಿದರು. ಮೇಡಂ ಏನನ್ನೋ ಬರೆದುಕೊಂಡರು. “ಹಾಗಾದರೆ ಗುಂಪಿನಲ್ಲಿ ಹುಟ್ಟಿದ ಯಾವುದೂ ಉಳಿಯುವುದಿಲ್ಲವೇ?”

“ಉಳಿಯುತ್ತದೆ ಮೇಡಂ. ಹೆಚ್ಚಿನ ಗುಂಪುಗಳು ಬೇಗ ಚದುರಿಹೋಗುತ್ತವೆ. ನಮ್ಮ ಸೂರ್ಯನೂ ಗುಂಪಿನಲ್ಲೇ ಹುಟ್ಟಿರಬೇಕು. ಭೂಮಿ ಉಳಿದಿದೆ.” ಸಂಕೋಚ ಎಲ್ಲೋ ಬಿದ್ದುಹೋಗಿತ್ತು. ಎಷ್ಟು ಹತ್ತಿರ ಹಾದರೆ ಎಷ್ಟು ಕಳಚುತ್ತದೆ ಎಂಬ ತನ್ನ ಲೆಕ್ಕಾಚಾರವನ್ನು ಅವಳು ಎರಡು ತಟ್ಟೆ, ಒಂದು ಲೋಟ ಇಟ್ಟು ತೋರಿಸಿದಳು.

“ಚೆನ್ನಾಗಿದೆ,” ಎಂದರು ಮೇಡಂ. “ಸೀಟು ನಿಮಗೇ ಕೊಡೋಣ ಅಂತಿದ್ದೇನೆ. ಮುಂದಿನ ತಿಂಗಳು ಸೇರಬೇಕು, ಐದು ವರ್ಷ ಇಲ್ಲಿರಬೇಕು. ಬರುತ್ತೀರಲ್ಲ?”

ಉತ್ತರ ಊಟದ ಮೇಜಿನಿಂದ ಬಂತು. “ಇಲ್ಲ ಮೇಡಂ,” ಎಂದರು ಕೊರಗಪ್ಪ, ದೋಸೆ ಮಡಚುತ್ತ. “ರುಸೈಲಿನಲ್ಲಿ ನಮ್ಮ ಫ್ಯಾಕ್ಟರಿ ಆಫೀಸಲ್ಲೇ ಅವಳಿಗೆ ಕೆಲಸ ಆಗಿದೆ. ವಿಸಿಟ್ ವೀಸಾ ಮುಗಿಯುವ ಮೊದಲು ಕೆಲಸದ ವೀಸಾ. ವೀಸಾ ಕೊಡುವ ಧಣಿ, ಕಫೀಲ್, ಹೂಂ ಅಂದಾಯ್ತು, ಖಲಾಸ್. ಈ ಇಂಟರ್‌ವ್ಯೂ ಸುಮ್ಮನೆ ಅವಳ ಖುಷಿಗೆ.”

ಅವರ ಮಾತಿನಲ್ಲಿ ಪ್ರೀತಿಯೇ ಇತ್ತು, ಕಷ್ಟವಿದ್ದದ್ದು ಅದರಲ್ಲೇ. ಆ ಕೆಲಸಕ್ಕಾಗಿ ಅವರು ಎರಡು ತಿಂಗಳು ಆಫೀಸಿನ ಬಾಗಿಲು ಕಾದಿದ್ದರು. ಪ್ರತಿ ಸಲ ಬಂದು ವರದಿ ಹೇಳಿದಾಗಲೂ ನಿಶ್ಮಿತಾ ಹೂಂ ಎಂದು ತಲೆಯಾಡಿಸಿದ್ದಳು. ಮೇಡಂ ಕಾಯುತ್ತಿದ್ದರು. ಹರಿಣಾಕ್ಷಿ ಗಂಡನ ಕಡೆ ನೋಡಲಿಲ್ಲ; ರಿಮೋಟು ಎತ್ತಿ ಟಿವಿಯ ಸದ್ದು ನಿಲ್ಲಿಸಿದರು.

ನಿಶ್ಮಿತಾ ಕುರ್ಚಿ ತಿರುಗಿಸಿದಳು.

“ಚಿಕ್ಕಪ್ಪಾ, ನನಗೆ ರುಸೈಲ್ ಬೇಡ. ನಾನು ಪುಣೆಗೆ ಹೋಗ್ತೇನೆ. ಕಫೀಲ್‌ಗೆ ನೀವು ಹೇಳ್ತೀರಾ, ನಾನೇ ಹೇಳ್ಬೇಕಾ?”