ಚಿಲಕವಿಲ್ಲದ ಮನೆ

ಬಚ್ಚಲಿನ ಬಾಗಿಲಿಗೆ ಒಳಗಿಂದ ಚಿಲಕವೇ ಇಲ್ಲದ ಮನೆಯಲ್ಲಿ ಗುಟ್ಟು ಕಾಪಾಡುವುದೆಂದರೆ ಹುಡುಗಾಟವೇ? ಸೊಸೆ ಬೆನ್ನಿನಿಂದ ಬಾಗಿಲನ್ನು ಒತ್ತಿಹಿಡಿದು, ಫಿಟ್ಸ್ ಮಾತ್ರೆಯನ್ನು ಗುಳುಕ್ಕನೆ ನುಂಗಿದಳು.

"ಇಷ್ಟೊತ್ತು ಒಳಗೇನೇ ಮಾಡ್ತಿದ್ದೀಯ?" ಹೊರಗಿನಿಂದ ಅತ್ತೆಯ ದನಿ.

"ಮುಖ ತೊಳೀತಿದ್ದೀನಿ ಅತ್ತೆ!"

ಮದುವೆಯಾಗಿ ಬಂದ ಹೊಸದರಲ್ಲೇ ಅವಳು ಚಿಲಕ ಕೇಳಿದ್ದಳು. "ಈ ಮನೇಲಿ ಅದೆಲ್ಲ ಬೇಡಮ್ಮ, ಒಳಗೆ ಬಿದ್ದುಗಿದ್ರೆ ಬಾಗಿಲು ತೆಗೆಯೋರ್ಯಾರು?" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ಎಂಥ ಅನುಮಾನದ ಹೆಂಗಸಪ್ಪಾ! ಹಗಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ಕತ್ತಲಾಗುತ್ತಲೇ ಮಲಗಿಬಿಡುತ್ತಿದ್ದರಲ್ಲ, ಅದೊಂದೇ ಪುಣ್ಯ.

"ಅಮ್ಮನಿಗೆ ಗೊತ್ತಾದ್ರೆ ಮುಗೀತು ನಮ್ಮ ಕಥೆ," ದರ್ಜಿ ಗಂಡ ಹೊಲಿಗೆ ಯಂತ್ರದ ಸದ್ದಿನಲ್ಲಿ ಪಿಸುಗುಟ್ಟುತ್ತಿದ್ದ. "ಬಸುರಿಗೆ ಯಾಕೆ ಮಾತ್ರೆ ಅಂತ ಎತ್ತಿ ಬಿಸಾಕ್ತಾಳೆ."

ಸೊಸೆಯ ಭಯವೂ ಅದೇ. ಬಸುರಿಯ ರಕ್ತದಲ್ಲಿ ಔಷಧದ ಪ್ರಮಾಣ ಇಳಿಯಬಹುದು, ಪರೀಕ್ಷಿಸಿ ಹೆಚ್ಚಿಸಬೇಕಾದೀತು, ತಾನಾಗಿ ನಿಲ್ಲಿಸಿದರೆ ತಾಯಿಗೂ ಮಗುವಿಗೂ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಒಂದು ದಿನ ಬೆಳಿಗ್ಗೆ ಅವಳ ಕೈ ತಾನಾಗಿ ಸೆಳೆತಕ್ಕೆ ಸಿಕ್ಕಿ, ಲೋಟದ ಚಹಾ ಅತ್ತೆಯ ಸೀರೆಯ ಮೇಲೆ ಚೆಲ್ಲಿತು.

"ಮಗು ಒದೀತು ಅತ್ತೆ!"

"ಮೂರನೇ ತಿಂಗಳಿಗೇನಾ?"

ಅತ್ತೆ ಅವಳ ಕೈಯನ್ನೇ ದಿಟ್ಟಿಸಿದರು. ಸೀರೆ ಬದಲಿಸಿ, ಎಂದಿನಂತೆ ಅಕ್ಕನ ಮನೆಗೆ ಹೋಗಿ ಬರುತ್ತೇನೆಂದು ಹೊರಟರು.

ಬದುಕಿದೆಯಾ ಬಡಜೀವವೇ ಎಂದುಕೊಂಡು, ಅತ್ತೆ ಕೇಳಿದರೆ ಅಂಗಿ ಗುಂಡಿ ತರಲು ಹೋದಳೆನ್ನುವಂತೆ ಗಂಡನಿಗೆ ಹೇಳಿ, ಔಷಧದ ಪ್ರಮಾಣ ಪರೀಕ್ಷಿಸಿಕೊಳ್ಳಲು ಸೊಸೆಯೂ ಆಸ್ಪತ್ರೆಗೆ ಓಡಿದಳು.

ನರರೋಗ ವಿಭಾಗದ ಬೆಂಚಿನ ಮೇಲೆ ಕೂತು ಉಸಿರು ಬಿಡುವಷ್ಟರಲ್ಲಿ ಎದುರಿಗೆ ಅತ್ತೆ! ಇಬ್ಬರ ಮುಖವೂ ಬಿಳಿಚಿಕೊಂಡಿತು. ಬೆನ್ನು ಹತ್ತಿ ಬಂದೇಬಿಟ್ಟರಲ್ಲ, ಮಹಾ ಪತ್ತೇದಾರರು! ಇನ್ನು ಸುಳ್ಳು ಹೇಳಿ ಫಲವಿಲ್ಲ.

"ಎಷ್ಟು ಬೇಕಾದ್ರೂ ಬೈಯಿರಿ ಅತ್ತೆ," ಸೊಸೆ ಅತ್ತೇಬಿಟ್ಟಳು. "ನಂಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಮಾತ್ರೆ ಮಾತ್ರ ಬಿಡಿಸ್ಬೇಡಿ. ನಂಗೆ ಈ ಮಗು ಬೇಕು."

"ಶ್! ಮೆಲ್ಲಗೆ ಮಾತಾಡೇ," ಎಂದ ಅತ್ತೆ, ಕದ್ದು ಸಿಕ್ಕಿಬಿದ್ದವರಂತೆ ಅತ್ತಿತ್ತ ನೋಡಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. "ಬನ್ನಿ ಅಮ್ಮ, ಡಾಕ್ಟರು ಕರೀತಿದ್ದಾರೆ," ಎಂದಳು ನರ್ಸ್.

ಸೊಸೆ ಕಣ್ಣೊರೆಸಿಕೊಂಡು ಎದ್ದಳು.

"ನೀವಲ್ಲ, ನೀವು ಕೂತ್ಕೊಳ್ಳಿ. ಇವರು ನಮ್ಮ ಹಳೇ ಪೇಷಂಟು."

ಅತ್ತೆ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ಉಸುರಿದರು: "ನನ್ನ ಮಗನಿಗೆ ಮಾತ್ರ ಹೇಳ್ಬೇಡ ಕಣೇ. ನಾನೂ ಫಿಟ್ಸ್ ಮಾತ್ರೆ ನುಂಗ್ಕೊಂಡೇ ಅವನನ್ನ ಹೆತ್ತಿದ್ದು."