ಮುಂಗಾಲಿಗೆ ಮೆತ್ತಿದ ಗಂಜಿ

ಹೊಟ್ಟೆಗೆ ಹಿತವೆಂದು ಕಾಯಿಸಿದ ಎಲ್ಮ್ ಮರದ ತೊಗಟೆಪುಡಿಯ ಮದ್ದಿನ ಗಂಜಿಯನ್ನು ವರ್ನಾ ಕೊನೆಗೆ ಬೆಕ್ಕಿನ ಮುಂಗಾಲಿಗೇ ಮೆತ್ತಿಬಿಟ್ಟಳು. ಕಾಯಿಲೆ ಬಿದ್ದ ಆ ಬೆಕ್ಕು, ಪಿಕಲ್ಸ್, ಚಮಚಕ್ಕೆ ಬಾಯಿ ತೆರೆದಿರಲಿಲ್ಲ. ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿತ್ತು.

"ಸಾಕು ಬಿಡೇ, ಅದಕ್ಕೇ ಬೇಡವಾಗಿದೆ. ಡಾಕ್ಟರು ಕಾಯ್ತಿದಾರೆ. ಒಂದು ಸೂಜಿ, ನೋವಿಲ್ದೆ ಹೋಗ್ಬಿಡತ್ತೆ" ಎಂದ ಗಂಡ ಲಾಯ್ಡ್. ಬೆಕ್ಕನ್ನು ಒಯ್ಯುವ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ತಡಿ ಲಾಯ್ಡ್. ಜಂಬದ ಕೋಳಿ ಇದು. ಕೊಳೆ ಕಾಲಲ್ಲಿ ಸಾಯೋ ಪೈಕಿ ಅಲ್ಲ."

ಪಿಕಲ್ಸ್ ಅರೆಗಣ್ಣು ತೆರೆದು ತನ್ನ ಕಾಲನ್ನು ನೋಡಿತು. ಕೊಡವಿತು. ಗಂಜಿ ಬಿಡಲಿಲ್ಲ. 'ಏನೇ ಇದು ಹೊಲಸು' ಎಂಬಂತೆ ವರ್ನಾಳನ್ನು ದುರುಗುಟ್ಟಿ ನೋಡಿ, ನಾಲಿಗೆ ಚಾಚಿ ನೆಕ್ಕತೊಡಗಿತು. ಬೆರಳ ಸಂದಿಯನ್ನೂ ಬಿಡದೆ, ಮೊದಲಿನ ಅದೇ ಠೀವಿಯಲ್ಲಿ.

ಲಾಯ್ಡ್ ಬುಟ್ಟಿ ಕೆಳಗಿಟ್ಟು ಮಂಡಿಯೂರಿ ಕುಳಿತ.

"ಇನ್ನೊಂದು ಕಾಲಿಗೂ ಹಚ್ಚೇ" ಎಂದ.