ಎರಡನೆಯ ಬಾನಿ

ಬಿಯರಿನ ಬಾನಿಗೆ ಯೀಸ್ಟ್ ಹಾಕುವ ದಿನ ಬರುವ ಹೊತ್ತಿಗೆ ಗೂರಿಯ ಗಂಟಲು ಕೈಕೊಟ್ಟಿತ್ತು. ಎರಡು ದಿನದ ಹಿಂದೆ ಪಕ್ಕದ ಮನೆಯ ಸ್ಯೂರ್‌ನ ಕುರಿಗಳು ಅವಳ ಸೊಪ್ಪಿನ ಮಡಿಗೆ ನುಗ್ಗಿದ್ದವು. ಕುರಿಗಳನ್ನೂ, ಕುರಿಗಳ ಒಡೆಯನನ್ನೂ, ಅವನನ್ನು ಹೆತ್ತವರನ್ನೂ ಒಂದೇ ಉಸಿರಿನಲ್ಲಿ ಬೈದು ಮುಗಿಸುವ ಹೊತ್ತಿಗೆ ದನಿ ಹಾರಿಹೋಗಿತ್ತು. ಒಂದು ವಾರ ತುಟಿ ಎರಡು ಮಾಡಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಒಲೆಮನೆಯಲ್ಲಿ ಎರಡು ಬಾನಿ ತುಂಬ ಬಿಯರಿನ ರಸ ಯೀಸ್ಟಿಗಾಗಿ ಕಾಯುತ್ತ ಕೂತಿತ್ತು. ಮೊಳಕೆ ಕಟ್ಟಿದ ಗೋಧಿ, ಜುನಿಪರ್ ಕೊಂಬೆ ಕುದಿಸಿದ ನೀರು, ಕುರಿಗಳು ಉಳಿಸಿದಷ್ಟು ಸೊಪ್ಪು, ಜಜ್ಜಿದ ಕೊತ್ತಂಬರಿ ಬೀಜ, ಮೇಲೆ ಜೇನುತುಪ್ಪ. ಭಾನುವಾರ ಮೊಮ್ಮಗಳ ನಾಮಕರಣ. ನಾರ್ವೆಯ ಆ ಕಣಿವೆಯ ಪದ್ಧತಿಯಂತೆ, ರಸ ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಿರುವಾಗ ಯೀಸ್ಟ್ ಹಾಕಬೇಕು. ಹಾಕುವಾಗ ಮನೆಯವರೊಬ್ಬರು ಗಂಟಲು ಹರಿಯುವಂತೆ ಕೂಗಬೇಕು. ಕೂಗಿನಲ್ಲಿ ಎಷ್ಟು ಕಸುವೋ ಬಿಯರಿನಲ್ಲೂ ಅಷ್ಟೇ ಕಸುವು. ಸಪ್ಪೆ ಬಿಯರ್ ಕುಡಿದುಹೋದವರು ಆ ಮಗುವಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ.

ಮೂವತ್ತೊಂದು ವರ್ಷದಿಂದ ಕೂಗುತ್ತ ಬಂದವಳು ಗೂರಿ. ಮನೆಯಲ್ಲಿ ಇನ್ನುಳಿದವನು ಗಂಡ ಆಸ್ಲಾಕ್. ಅವನೋ, ತಾನು ಸಾಕಿದ ಜೇನುಹುಳುಗಳ ಹತ್ತಿರವೂ ಪಿಸುಗುಟ್ಟುವ ಆಸಾಮಿ.

ಗೂರಿ ಬಾನಿಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ‘ಕೂಗು.’

“ನಾನಾ? ನಂಗೆ ಬರಲ್ಲ ಕಣೇ.”

ಅವಳು ಬರೆದದ್ದರ ಅಡಿಗೆ ಎರಡು ಗೆರೆ ಎಳೆದಳು. ಆಸ್ಲಾಕ್ ಯೀಸ್ಟಿನ ಬಟ್ಟಲು ಹಿಡಿದು, ಕಣ್ಣು ಮುಚ್ಚಿ, “ಹೂ…” ಎಂದ. ಕರು ಆಕಳಿಸಿದರೂ ಅದಕ್ಕಿಂತ ಜೋರಾಗಿ ಕೇಳುತ್ತದೆ. ಬಟ್ಟಲು ಬಗ್ಗುವ ಮೊದಲೇ ಗೂರಿ ಅವನ ಕೈ ಹಿಡಿದಳು.

ಕಿಟಕಿಯಲ್ಲಿ ಸ್ಯೂರ್‌ನ ತಲೆ ಕಾಣಿಸಿತು. “ಏನಪ್ಪಾ ಆಸ್ಲಾಕ್, ಎರಡು ದಿನದಿಂದ ಊರೇ ತಣ್ಣಗಿದೆ. ಹೆಂಡ್ತಿ ತವರಿಗೆ ಹೋದ್ಲಾ?”

ಗೂರಿ ತಿರುಗಿದಳು.

“ಓಹೋ, ಇಲ್ಲೇ ಇದೀಯಾ ತಾಯಿ! ಬೇಕಿದ್ರೆ ನನ್ನ ಟಗರು ಕಳಿಸ್ತೀನಿ, ನಿನ್ನ ಗಂಡನಿಗಿಂತ ಚೆನ್ನಾಗಿ ಕೂಗುತ್ತೆ.”

ಸೌಟು ಹಾರಿತು. ತಲೆ ಮಾಯವಾಯಿತು.

ಗೂರಿ ಮೊದಲನೆಯ ಬಾನಿಗೆ ಮೊಣಕೈ ಅದ್ದಿ ನೋಡಿದಳು. ತಣಿಯುತ್ತಿತ್ತು. ಇನ್ನು ಕಾಯುವಂತಿರಲಿಲ್ಲ. ಕೂಗಿಲ್ಲದಿದ್ದರೆ ಜೇನಾದರೂ ಹೆಚ್ಚಿರಲಿ ಎಂದುಕೊಂಡವಳು ಸೌದೆಯ ಹಿಂದಿನಿಂದ ಒಂದು ಜಾಡಿ ಎಳೆದಳು. ಆಸ್ಲಾಕ್ ಚಳಿಗಾಲಕ್ಕೆ ತನ್ನ ರೊಟ್ಟಿಗೆ ಬೇಕೆಂದು ಬಚ್ಚಿಟ್ಟುಕೊಂಡಿದ್ದ ಕೊನೆಯ ಜಾಡಿ ಅದು. ಅವನ ಕಡೆ ನೋಡದೆಯೇ ಬಾನಿಗೆ ಬೋರಲು ಹಾಕಿದಳು.

“ಗೂರೀ!”

ಗೂರಿ ಬೆಚ್ಚಿಬಿದ್ದಳು. ಮನೆಯೊಳಗೆ ಮತ್ತಾರೋ ಬಂದರೆಂದುಕೊಂಡಳು.

“ನನ್ನ ಜೇನು! ಒಂದು ಮಾತು ಕೇಳ್ದೆ! ಮೂವತ್ತೊಂದು ವರ್ಷದಿಂದ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ ನೀನು!”

ಗೂರಿ ಮೊದಲು ಮಾಡಿದ ಕೆಲಸವೆಂದರೆ ಅವನ ಕೈ ಹಿಡಿದು ಬಟ್ಟಲಿನ ಅರ್ಧ ಯೀಸ್ಟನ್ನು ಬಾನಿಗೆ ಬಗ್ಗಿಸಿದ್ದು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

“ನಿಮ್ಮಮ್ಮ ಬಂದಾಗಲೆಲ್ಲ ನಾನು ಹುಲ್ಲಟ್ಟದ ಮೇಲೆ ಮಲಗ್ದೆ! ನನ್ನ ದೋಣಿಗೆ ನೀನು ಹಳದಿ ಬಣ್ಣ ಬಳಿದೆ! ಹಳದೀ!”

ಗೋಡೆಯ ತಟ್ಟೆಗಳು ಅದುರಿದವು. ಕಣಿವೆಯೊಳಗೆ ಚಾಚಿದ ಕಡಲತೋಳು ಫಿಯರ್ಡ್‌ನ ಆಚೆ ದಡದಲ್ಲಿ ನಾಯಿಗಳು ಬೊಗಳಿದವು. ಸ್ಯೂರ್ ದೊಣ್ಣೆ ಹಿಡಿದು ಒಳಗೆ ನುಗ್ಗಿ, “ಯಾರು ಯಾರನ್ನ ಕೊಂದ್ರು?” ಎಂದವನು, ಕೂಗುತ್ತಿರುವವರು ಯಾರೆಂದು ನೋಡಿ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕೊನೆಗೆ ಉಸಿರು ಮುಗಿಯಿತು. ಗೂರಿ ಸೀಮೆಸುಣ್ಣ ಎತ್ತಿಕೊಂಡಳು. ಮುಚ್ಚಳದ ಮೇಲಿನ ‘ಕೂಗು’ ಎಂಬುದರ ಮುಂದೆ ಒಂದು ಸರಿ ಗುರುತು ಹಾಕಿದಳು.

ಆಸ್ಲಾಕ್ ತೋಳಿನಿಂದ ಮುಖ ಒರೆಸಿಕೊಂಡ. ಬಟ್ಟಲಿನಲ್ಲಿ ಉಳಿದಿದ್ದ ಯೀಸ್ಟನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಆಮೇಲೆ ಜೇನುಹುಳುಗಳ ಹತ್ತಿರ ಮಾತಾಡುವ ಅದೇ ಮೆಲುದನಿಯಲ್ಲಿ ಕೇಳಿದ:

“ಇನ್ನೊಂದು ಬಾನಿ ಇದೆ ಅಲ್ವಾ?”